ಓನರ್ರ ಮಂಡಿನೋವು

ಅದಕ್ಕೊಂದು ಪದ ಇದೆ. ಕೋರ್ಟಿನಲ್ಲಿ ತಿಂಗಳುಗಟ್ಟಲೆ ಕೇಳಿದ್ದೇನೆ. ಬೋನಾ… ಬೋನೋ… ಇಲ್ಲ, ಹೊಳೆಯುತ್ತಿಲ್ಲ. ಮಾಲೀಕರಿಗೆ ಸ್ವಂತ ವಾಸಕ್ಕೆ ಮನೆ ನಿಜವಾಗಿಯೂ ಬೇಕಾಗಿದೆ ಅನ್ನುವುದಕ್ಕೆ ವಕೀಲರು ಹೇಳುವ ಇಂಗ್ಲಿಷ್ ಪದ ಅದು. ಪದ ಮರೆತರೂ ಅದರಿಂದಾದ ಫಜೀತಿ ಮರೆತಿಲ್ಲ. ಹಳೇ ಮನೆ, ಹಳೇ ಬಾಡಿಗೆ, ಹಳೇ ಓನರ್ರು, ಹಳೇ ಬಾಡಿಗೆದಾರಳು ಒಂದೇ ಕಡೆ ಸೇರಿದರೆ ಏನಾದರೊಂದು ನಡೆಯುತ್ತಲೇ ಇರುತ್ತದೆ.

ಮನೆ ಹಿಡಿದದ್ದು

ನಾನು ಹುಟ್ಟಿದ್ದು ಬಿಜಾಪುರದ ಕಡೆ. ಮದುವೆಯಾಗಿ ಮೈಸೂರಿಗೆ ಬಂದೆ, ಇಲ್ಲೇ ಟೀಚರ್ ಕೆಲಸಕ್ಕೆ ಸೇರಿದೆ, ಅಗ್ರಹಾರದಲ್ಲಿ ನನ್ನ ಹೆಸರಿನಲ್ಲೇ ಬಾಡಿಗೆ ಮನೆ ಹಿಡಿದೆ. ನಲವತ್ತು ವರ್ಷದಿಂದ ರಸೀದಿಯ ಮೇಲಿರುವ ಹೆಸರು ನನ್ನದೇ. ನಮ್ಮವರು ತೀರಿಕೊಂಡ ಮೇಲೆ ಬಂಧುಗಳು "ಮನೆ ಯಾರ ಹೆಸರಲ್ಲಿದೆ?" ಎಂದು ಕೇಳಿದಾಗ "ನಂದರೀ" ಎಂದು ಎದೆಯುಬ್ಬಿಸಿ ಹೇಳಿದವಳು ನಾನು.

ಓನರ್ರು ಲಕ್ಷ್ಮೀಪುರಂನಲ್ಲಿ ಇರುವವರು, ಆದರೆ ಹುಟ್ಟಿದ್ದು ಈ ಮನೆಯಲ್ಲಿ. ಮೊದಲ ದಿನ ಮನೆ ತೋರಿಸುತ್ತಾ ಪ್ರಶ್ನೆಯ ಮೇಲೆ ಪ್ರಶ್ನೆ ಕೇಳಿದರು.

"ನಿಮ್ಮ ಕಡೆಯೋರು ಖಾರ ಜಾಸ್ತಿ ಅಂತೆ. ಗೋಡೆ ಬಣ್ಣ ಕೆಡಲ್ಲ ತಾನೆ?"

"ಖಾರ ನಾವು ತಿಂತೀವ್ರೀ. ಗೋಡಿಗೆ ಹಚ್ಚೂದಿಲ್ಲ."

ಅವರು ನಕ್ಕು ಒಪ್ಪಿದರು. ಆದರೆ ಒಂದು ಷರತ್ತು ಹಾಕಿದರು. ಅಟ್ಟದ ಮೇಲೆ ಒಂದು ಮರದ ಪೆಟ್ಟಿಗೆ, ಅದರೊಳಗೆ ಅವರ ತಾಯಿಯ ಕಾಲದ ಪಟ್ಟದ ಗೊಂಬೆಗಳು, ರಾಜ-ರಾಣಿ ಜೋಡಿ. ಗೊಂಬೆಗಳು ಹುಟ್ಟಿದ ಮನೆ ಬಿಟ್ಟು ಬೇರೆ ಕಡೆ ಮಲಗಬಾರದು ಎಂದು ತಾಯಿ ಹೇಳಿ ಹೋಗಿದ್ದರಂತೆ. ಅದಕ್ಕೇ ಪ್ರತಿವರ್ಷ ನವರಾತ್ರಿಗೆ ಮುಂಚೆ ಓನರ್ರೇ ಬಂದು ಇಳಿಸಿಕೊಂಡು ಹೋಗಿ, ಹಬ್ಬ ಮುಗಿದ ಮೇಲೆ ತಂದು ಮಲಗಿಸುತ್ತಾರೆ. ಇನ್ನೊಬ್ಬರು ಮುಟ್ಟುವಂತಿಲ್ಲ.

ಹಾಗಾಗಿ ಬಾಡಿಗೆ ಕೊಟ್ಟು ಕೆಳಗಿದ್ದವಳು ನಾನು, ಪುಕ್ಕಟೆ ಮೇಲಿದ್ದವರು ಮಹಾರಾಜರು.

ಹೆಂಚು ಮತ್ತು ನಲ್ಲಿ

ಬಾಡಿಗೆ ಕಾನೂನು ನನ್ನಂಥ ಹಳೇ ಬಾಡಿಗೆದಾರರ ಕೈ ಹಿಡಿದಿತ್ತು. ಓನರ್ರು ಮನಸ್ಸಿಗೆ ಬಂದಷ್ಟು ಬಾಡಿಗೆ ಏರಿಸುವಂತಿಲ್ಲ, ಮನಸ್ಸಿಗೆ ಬಂದಾಗ ಹೊರಗೆ ಹಾಕುವಂತಿಲ್ಲ. ಹೊರಗಡೆ ಬಾಡಿಗೆ ಏರುತ್ತಾ ಹೋದ ಹಾಗೆ ಓನರ್ರ ಮುಖ ಇಳಿಯುತ್ತಾ ಬಂತು. ಒಂದು ಮಳೆಗಾಲದಲ್ಲಿ ಅಡುಗೆಮನೆ ಸೋರತೊಡಗಿತು. ಹೇಳಿದೆ.

"ಹಳೇ ಬಾಡಿಗೆಗೆ ಹಳೇ ಹೆಂಚು ಕಣಮ್ಮ" ಎಂದರು.

"ಮಳಿ ಮಾತ್ರ ಹೊಸಾದೇ ಬೀಳತದಲ್ರೀ!"

ಹೆಂಚು ಬದಲಾಯಿತು. ಆ ಸಿಟ್ಟಿಗೋ ಏನೋ, ಮುಂದಿನ ತಿಂಗಳು 'ರಿಪೇರಿ' ಎಂದು ನಮ್ಮ ನಲ್ಲಿಯ ನೀರು ನಿಲ್ಲಿಸಿದರು. ನೀರು, ಕರೆಂಟು ನಿಲ್ಲಿಸುವಂತಿಲ್ಲ ಎಂದು ಕಾನೂನಿನಲ್ಲೇ ಇದೆಯಂತೆ. ನಾನು ಕಾನೂನಿನ ತನಕ ಹೋಗಲಿಲ್ಲ. ಎರಡು ಕೊಡ ಹಿಡಿದು ಲಕ್ಷ್ಮೀಪುರಂಗೆ ಹೋದೆ. ಅವರ ಮಹಡಿ ಮೆಟ್ಟಿಲ ಕೆಳಗಿದ್ದ ನಲ್ಲಿಯಲ್ಲಿ ತುಂಬಿಸಿಕೊಂಡೆ. ಅವರ ಹೆಂಡತಿ ಇಣುಕಿ ನೋಡಿ, "ಅಯ್ಯೋ ಟೀಚರ್, ಬನ್ನಿ ಬನ್ನಿ" ಎಂದು ಮೇಲೆ ಕರೆದು ಕಾಫಿ ಕೊಟ್ಟರು. ಬೆಳಿಗ್ಗೆ ಎರಡು ಸಲ, ಸಂಜೆ ಎರಡು ಸಲ. ಎರಡನೇ ದಿನ ಒಳಗಿನಿಂದ ಆಕೆಯ ದನಿ ಕೇಳಿಸಿತು:

"ರೀ, ಅವರ ನಲ್ಲಿ ಬುಟ್ಬುಡಿ ಅತ್ಲಾಗೆ. ನಮ್ಮನೆ ಕಾಫಿಪುಡಿ ಮುಗೀತು."

ಕೋರ್ಟಿನ ಮೆಟ್ಟಿಲು

ಆಮೇಲೆ ಬಂದದ್ದು ನಿಜವಾದ ಪೆಟ್ಟು, ಕೋರ್ಟಿನ ನೋಟಿಸು. ಓನರ್ರಿಗೆ ಮಂಡಿನೋವು. ಅವರ ವಾಸ ಮಹಡಿಯ ಮೇಲೆ, ಕೆಳಗೆ ಮಗನ ಟ್ಯೂಷನ್ ಕ್ಲಾಸು. ಒಂದು ಮೆಟ್ಟಿಲೂ ಹತ್ತಲಾರರು. ಆದ್ದರಿಂದ ಅಗ್ರಹಾರದ ಮನೆ ಸ್ವಂತಕ್ಕೆ ಬೇಕು.

ನನ್ನ ವಕೀಲರು ಕನ್ನಡಕ ತೆಗೆದಿಟ್ಟು ಹೇಳಿದರು: "ಅಮ್ಮಾ, ಇದೊಂದು ಕಾರಣ ಗಟ್ಟಿ. ಅವರಿಗೆ ಮನೆ ನಿಜವಾಗಿಯೂ ಬೇಕು ಅಂತ ಕೋರ್ಟಿಗೆ ಅನ್ನಿಸಿದರೆ ಖಾಲಿ ಮಾಡಲೇಬೇಕು."

ಆ ವಾರ ಊಟ ಸೇರಲಿಲ್ಲ. ಈ ವಯಸ್ಸಿನಲ್ಲಿ ಎಲ್ಲಿಗೆ ಹೋಗಲಿ? ನಜರ್‌ಬಾದಿನಲ್ಲಿ ಒಂದು ಮನೆ ನೋಡಿದೆ. ಹನ್ನೊಂದು ತಿಂಗಳ ಅಗ್ರಿಮೆಂಟು, ಹತ್ತು ತಿಂಗಳ ಅಡ್ವಾನ್ಸು. "ವಯಸ್ಸಾದೋರು ಒಬ್ರೇ ಅಂದ್ರೆ ಯೋಚನೆ ಮಾಡ್ಬೇಕಾಗುತ್ತೆ ಕಣ್ರೀ" ಎಂದರು ಆ ಮನೆಯವರು. ಹುಟ್ಟಿದೂರು ಬಿಟ್ಟಾಗ ನನಗೆ ಅಷ್ಟು ಸಂಕಟವಾಗಿರಲಿಲ್ಲ.

ಕೇಸಿನ ದಿನ ನೋಡಿದರೆ ಓನರ್ರು ಕೋರ್ಟಿನ ಮೆಟ್ಟಿಲ ಬುಡದಲ್ಲಿ ಕೋಲು ಹಿಡಿದು ನಿಂತಿದ್ದಾರೆ. ನೋಡಲಾಗಲಿಲ್ಲ. ಕೈ ಹಿಡಿದು ನಿಧಾನಕ್ಕೆ ಹತ್ತಿಸಿದೆ. ನನ್ನ ವಕೀಲರು ಹಣೆ ಚಚ್ಚಿಕೊಂಡರು.

"ಏನಮ್ಮಾ ಇದು, ಎದುರು ಪಾರ್ಟಿ ಕೈ ಹಿಡ್ಕೊಂಡು ಬರ್ತೀರಲ್ಲ!"

"ಬಿದ್ದುಗಿದ್ದರೆ ಮುಂದಿನ ತಿಂಗಳು ರಸೀದಿ ಯಾರು ಕೊಡ್ತಾರ್ರೀ?"

ಮಹಾರಾಜರ ಸಾಕ್ಷಿ

ಆ ಮನೆ ಮಂಡಿನೋವಿನವರಿಗೆ ಅನುಕೂಲವೋ ಅಲ್ಲವೋ ನೋಡಿ ವರದಿ ಕೊಡಲು ಕೋರ್ಟು ಒಬ್ಬ ಎಳೆಯ ವಕೀಲೆಯನ್ನು ಕಳಿಸಿತು. ಕಮಿಷನರ್ ಅನ್ನುತ್ತಾರೆ. ಆಕೆ ಬಂದದ್ದು ನವರಾತ್ರಿಯ ಹಿಂದಿನ ದಿನ. ಓನರ್ರೂ ಬಂದರು, ಕೋಲಿನ ಸಮೇತ. ಆಗಷ್ಟೇ ಓದಲು ಬಂದು ನನ್ನ ಜೊತೆ ಸೇರಿದ್ದ ಮೊಮ್ಮಗಳು ಎಲ್ಲರಿಗೂ ಮಜ್ಜಿಗೆ ಕೊಟ್ಟಳು. ಕಮಿಷನರ್ ಹೊಸ್ತಿಲು ಅಳೆದರು, ಬಚ್ಚಲು ನೋಡಿದರು, ಬರೆದುಕೊಂಡರು. "ಮನೆಯೊಳಗೆ ಮೆಟ್ಟಿಲೇ ಇಲ್ಲ, ಅನುಕೂಲವಾಗಿದೆ" ಎಂದರು. ನಾನು ಮನಸ್ಸಿನಲ್ಲೇ ನಜರ್‌ಬಾದಿನ ಅಡ್ವಾನ್ಸು ಲೆಕ್ಕ ಹಾಕತೊಡಗಿದೆ.

ಅಷ್ಟರಲ್ಲಿ ಓನರ್ರ ಫೋನು ಹೊಡೆದುಕೊಂಡಿತು. ಹೆಂಡತಿಯ ದನಿ ಬೀದಿಗೆಲ್ಲ ಕೇಳಿಸುವಂತಿತ್ತು: "ಗೊಂಬೆ ತರ್ತೀರೋ ಇಲ್ವೋ? ನಾಳೆ ಕೂರಿಸ್ಬೇಕು!"

ಮೊಮ್ಮಗಳು ಏಣಿ ತಂದು ಅಟ್ಟಕ್ಕೆ ಆನಿಸಿದಳು. "ಇರಿ ತಾತ, ನಾನು ಇಳಿಸಿಕೊಡ್ತೀನಿ."

"ಏಯ್, ಮುಟ್ಬೇಡ!"

ಕೋಲು ಮೂಲೆಗೆ ಬಿತ್ತು. ಪಂಚೆ ಮೇಲಕ್ಕೇರಿತು. ನಾವು ಕಣ್ಣು ಮಿಟುಕಿಸುವಷ್ಟರಲ್ಲಿ ಓನರ್ರು ಸರಸರ ಅಟ್ಟದ ಮೇಲೆ! ಪೆಟ್ಟಿಗೆ ತೆಗೆದು, ಧೂಳು ಊದಿ, ರಾಜನನ್ನು ಮಗುವಿನಂತೆ ಎದೆಗೊತ್ತಿಕೊಂಡು ಕೆಳಗೆ ನೋಡಿದರು. ಕಮಿಷನರ್ ಏನೋ ಬರೆಯುತ್ತಿದ್ದರು.

"ಏನಮ್ಮ ಬರೀತಿದ್ದೀರಿ?"

"ಏಣಿಗೆ ಎಷ್ಟು ಮೆಟ್ಟಿಲು ಅಂತ ಸಾರ್. ಹನ್ನೊಂದು."

ಓನರ್ರ ಮುಖ ಗೊಂಬೆಯ ಮುಖದ ಹಾಗೇ ಮರಗಟ್ಟಿತು. ಮೇಲಿನಿಂದ ನರಳುವ ದನಿ ಬಂತು: "ಅಯ್ಯಪ್ಪಾ… ಈಗ ಇಳಿಯೋಕಾಗ್ತಿಲ್ಲ ಕಣಮ್ಮ. ಮಂಡಿ ಹಿಡ್ಕೊಂಬುಡ್ತು."

"ಅಲ್ಲೇ ಇರ್ರಿ" ಎಂದೆ. "ಮನಿ ಬೇಕಂತಿದ್ದಿರಲ್ಲ, ಅಟ್ಟ ನಿಮಗ ಬಿಟ್ಟೀನಿ."

ಮೊದಲು ನಕ್ಕವರು ಓನರ್ರೇ. ಅಟ್ಟದ ಮೇಲೆ ಕೂತು, ರಾಜನನ್ನು ತೊಡೆಯ ಮೇಲಿಟ್ಟುಕೊಂಡು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ನಾನು ಏಣಿ ಹಿಡಿದೆ, ಅವರು ಇಳಿದರು.

ಹಬ್ಬ ಕಳೆದ ಮೇಲೆ ಗೊಂಬೆಗಳ ಜೊತೆ ಬಂದು, "ಕೇಸು ವಾಪಸ್ ತಗೋತೀನಿ ಟೀಚರ್, ಬಾಡಿಗೆ ಸ್ವಲ್ಪ ನೋಡಿ" ಎಂದರು. ನೋಡಿದೆ. ಅವರೂ ದೊಡ್ಡತನ ತೋರಿಸಿದರು, ನಾನೂ ಸಣ್ಣವಳಾಗಲಿಲ್ಲ. ನಾನು ಇರುವತನಕ ಮನೆ ನನ್ನದೇ ಎಂದು ರಾಜಿಪತ್ರ ಬರೆಯಲು ಮೊಮ್ಮಗಳು ಕೂತಳು. ಎಲ್ಲ ಬರೆದು, "ಇನ್ನೇನಾದರೂ ಷರತ್ತು ಇದೆಯಾ ಅಜ್ಜಿ?" ಎಂದಳು.

ನಾನು ಓನರ್ರ ಮುಖ ನೋಡಿದೆ. ಅವರು ಅಟ್ಟ ನೋಡಿದರು.

"ಇದನ್ನೂ ಬರಿ ಪುಟ್ಟಿ" ಎಂದೆ. "ಎಷ್ಟೇ ಮಂಡಿನೋವಿದ್ದರೂ ಅಟ್ಟ ಹತ್ತತಕ್ಕವರು ಓನರ್ರು. ಏಣಿ ಹಿಡಿಯತಕ್ಕವಳು ಬಾಡಿಗೆದಾರಳು."