ಅಣ್ಣನಿಗೆ ಮಜ್ಜೆ ಕೊಟ್ಟದ್ದು

ನಗಬಾರದ ಹೊತ್ತಲ್ಲೇ ನಗು ಬರೋದು ನಮ್ಮ ಮನೆಯವರಿಗೆ ಮೊದಲಿನಿಂದ ಅಂಟಿದ ಕಾಯಿಲೆ. ತೊಂಬತ್ತರ ದಶಕದಲ್ಲಿ ಶಿಕಾರಿಪುರದ ನನ್ನ ಅಣ್ಣನ ಮೈಯಲ್ಲಿ ಹೊಸ ರಕ್ತ ಹುಟ್ಟೋದೇ ನಿಂತುಹೋಯಿತು. ಒಡಹುಟ್ಟಿದವರ ಅಸ್ಥಿಮಜ್ಜೆ ಹೊಂದಿದರೆ ಉಳಿಸಬಹುದು ಅಂದರು ಡಾಕ್ಟರು. ಹೊಂದಿದ್ದು ಆನವಟ್ಟಿಯಲ್ಲಿ ಪ್ರೈಮರಿ ಶಾಲೆ ಟೀಚರಾಗಿದ್ದ ನನ್ನದು. ಎದೆ ಢವಢವ ಅಂತಿತ್ತು, ಸುಳ್ಳು ಯಾಕೆ ಹೇಳಲಿ? ಆದರೂ ಆ ದಿನಗಳನ್ನು ನೆನೆದರೆ ಮೊದಲು ಬರೋದು ನಗುವೇ.

ಎಸ್‌ಟಿಡಿ ಬೂತು

ಸುದ್ದಿ ತಿಳಿಸೋಕೆ ಪೇಟೆಯ ಬೂತಿನಿಂದ ಅತ್ತಿಗೆಗೆ ಫೋನು ಮಾಡಿದೆ. ಲೈನು ಗೊರಗೊರ ಅಂತಿತ್ತು.

"ಮಜ್ಜೆ, ಅತ್ತಿಗೆ! ಮಜ್ಜೆ! ಅಣ್ಣನಿಗೆ ನಾನೇ ಕೊಡ್ತೀನಿ!" ಅಂತ ಕೂಗಿದೆ.

ಮಾರನೇ ಬೆಳಿಗ್ಗೆ ಪಕ್ಕದ ಮನೆಯಾಕೆ ದೊಡ್ಡ ತಂಬಿಗೆ ಹಿಡಿದು ಬಾಗಿಲಲ್ಲಿ ನಿಂತಿದ್ದರು. "ಟೀಚರ್, ನಿಮ್ಮಣ್ಣಗೆ ಮಜ್ಜಿಗೆ ಬೇಕಂತಲ್ರೀ, ಪೇಟೆ ತುಂಬ ಅದೇ ಮಾತು. ನಮ್ಮೆಮ್ಮೇದು ಗಟ್ಟಿ ಐತೆ. ನಿಮ್ಮನೇದೇ ಆಗ್ಬೇಕು ಅಂತೇನಿಲ್ಲ ಅಲ್ವ್ರೀ?"

ಅತ್ತೆಯ ಅನುಮಾನ

ನಮ್ಮತ್ತೆಗೆ ಬೇರೆಯೇ ಚಿಂತೆ. "ಮೂಳೆ ಟೊಳ್ಳಾದ್ರೆ ನಾಳೆ ಕೊಡಪಾನ ಎತ್ತಿದಾಗ ಲಟಕ್ ಅಂತೀಯ" ಅಂದು ಆಸ್ಪತ್ರೆಗೂ ಜೊತೆಗೇ ಬಂದರು.

ಡಾಕ್ಟರು ಸಮಾಧಾನವಾಗಿ ಹೇಳಿದರು: "ಏನೂ ಕತ್ತರಿಸಲ್ಲ ಅಮ್ಮ. ಪ್ರಜ್ಞೆ ತಪ್ಪಿಸಿ, ಸೊಂಟದ ಹಿಂದಿನ ಮೂಳೆಗೆ ಸೂಜಿ ಹಾಕಿ ಎಳ್ಕೋತೀವಿ. ಕೆಲವು ದಿನ ನೋಯುತ್ತೆ. ಕೆಲವೇ ವಾರದಲ್ಲಿ ಮತ್ತೆ ತುಂಬ್ಕೊಳ್ಳುತ್ತೆ."

ಅತ್ತೆ ಯೋಚಿಸಿದರು. "ಹಂಗಾದ್ರೆ ಇವಳ ಸಿಟ್ಟನ್ನೂ ಒಂದಿಷ್ಟು ಎಳ್ಕೊಳ್ರಿ ಡಾಕ್ಟ್ರೇ. ಅದಂತೂ ಸಂಜೆಯೊಳಗೇ ತುಂಬ್ಕೊಂತದೆ."

ಎಚ್ಚರ ಬಂದಾಗ

ಇದು ಅತ್ತೆ ಹೇಳಿದ್ದು, ನನಗೆ ನೆನಪಿಲ್ಲ. ಅರೆಮಂಪರಲ್ಲಿ ನಾನು "ಯಾರದು ಗಲಾಟೆ? ಕೈ ಕಟ್ಟು! ಬಾಯ್ಮೇಲೆ ಬೆರಳು!" ಅಂತ ಗದರಿದೆನಂತೆ. ನರ್ಸಮ್ಮ ನಕ್ಕರಂತೆ. ಡಾಕ್ಟರು ಮಾತ್ರ ಕೈ ಕಟ್ಟಿ ನಿಂತೇಬಿಟ್ಟರಂತೆ.

ಸೊಂಟ, ಮೆಟ್ಟಿಲ ಮೇಲಿಂದ ಜಾರಿ ಬಿದ್ದ ಹಾಗೆ ನೋಯುತ್ತಿತ್ತು. ಮೆಲ್ಲಗೆ ನಡೆದು ಹೋಗಿ ಅಣ್ಣನ ಕೋಣೆಯ ಗಾಜಿನಾಚೆ ನಿಂತೆ. ನನ್ನ ಮಜ್ಜೆಯ ಚೀಲ ತೂಗುಹಾಕಿತ್ತು. ನೋಡೋಕೆ ಥೇಟ್ ರಕ್ತವೇ, ತೊಟ್ಟು ತೊಟ್ಟಾಗಿ ಅವನೊಳಗೆ ಇಳಿಯುತ್ತಿತ್ತು. ಒಣಗಿ ಕಡ್ಡಿಯಾಗಿದ್ದವನು ಚೀಲದ ಕಡೆ ನೋಡಿ, 'ಇಷ್ಟೇನಾ?' ಅಂತ ಕೈಯಾಡಿಸಿದ. ನನಗೆ ತಡೆಯಲಾರದ ನಗು. ಕಣ್ಣಲ್ಲಿ ನೀರೂ ಬಂತು, ಸೊಂಟವೂ ಹಿಡೀತು.

ಅತ್ತೆ ನನ್ನ ರಟ್ಟೆ ಹಿಡಿದರು. "ಹಂಗೆ ಕುಣಿದು ನಗಬೇಡ್ವೇ, ಉಳಿದಿದ್ದೂ ಸೋರಿಹೋದೀತು!"

ಯಾರ ರಕ್ತ

ಆಮೇಲಿನ ವಾರಗಳಲ್ಲಿ ಮಾತ್ರ ಯಾರೂ ನಗಲಿಲ್ಲ. ಮಜ್ಜೆ ಹಿಡಿಯಿತು, ಹೊಸ ರಕ್ತ ಹುಟ್ತಾ ಇದೆ ಅಂತ ಡಾಕ್ಟರು ಹೇಳಿದ ದಿನ ಅತ್ತಿಗೆ ಫೋನಿನಲ್ಲಿ ಅತ್ತರು, ಬೂತಿನವನೂ ಮೂಗು ಒರೆಸಿಕೊಂಡ.

ತಿಂಗಳುಗಳು ಕಳೆದ ಮೇಲೆ ಅಣ್ಣ ಮೈತುಂಬಿಕೊಂಡು ನಮ್ಮ ಮನೆಗೆ ಬಂದ. "ಅತ್ತೇರೇ, ನನ್ನ ರಕ್ತದ ಗುಂಪೇ ಬದಲಾಗಿ ತಂಗಿದಾಗೈತಂತೆ. ಮೈಯಲ್ಲಿ ಹರಿಯೋದೆಲ್ಲ ಇವಳದೇ!"

"ಹಂಗಾದ್ರೆ ನೀನೂ ನಮ್ಮನೆ ಸೊಸೆಯಾದ್ಯಲ್ಲೋ. ಬಾ, ರೊಟ್ಟಿ ತಟ್ಟು" ಅಂದರು ಅತ್ತೆ.

ಅವನು ಬಿಡುವವನೇ? ಪಂಚೆ ಮೇಲೆ ಕಟ್ಟಿ ಒಲೆ ಮುಂದೆ ಕೂತೇಬಿಟ್ಟ. ತಟ್ಟಿದ್ದು ಒಂದು ಕಡೆ ದಪ್ಪ, ಒಂದು ಕಡೆ ತೂತು. ಹಂಚಿಗೆ ಹಾಕೋ ಮುಂಚೆ ಎರಡು ತುಂಡು.

ಅತ್ತೆ ಆ ತುಂಡುಗಳನ್ನು ಎತ್ತಿ, ಬೆಳಕಿಗೆ ಹಿಡಿದು, ತಿರುಗಿಸಿ ತಿರುಗಿಸಿ ನೋಡಿದರು. ಆಮೇಲೆ ನನ್ನ ಕಡೆ ನೋಡಿ ತಲೆಯಾಡಿಸಿದರು.

"ಡಾಕ್ಟ್ರು ಹೇಳಿದ್ದು ಖರೇನೇ. ನಿನ್ನ ರಕ್ತನೇ ಇದು. ಮದುವೆಯಾಗಿ ಬಂದಾಗ ನೀನೂ ಹಿಂಗೇ ತಟ್ತಿದ್ದೆ."