ರೋಸ್‌ಮೇರಿ ಹಾಕಿದ ಮಸ್ಸೊಪ್ಪು

ಊರವರ ದನಿಯನ್ನೆಲ್ಲ ತೆಗೆದು ಅಣಕಿಸುವವನಿಗೆ ಎದೆ ಗಟ್ಟಿ ಇರುತ್ತದೆ ಎಂದು ಜನ ತಿಳಿದಿದ್ದಾರೆ. ನನ್ನನ್ನೇ ನೋಡಿ. ಕಡೂರು ಸ್ಟೇಷನ್ನಿನ ಟಿಕೆಟ್ ಕಲೆಕ್ಟರ ದನಿಯಲ್ಲಿ ನಾನು ಗದರಿದರೆ ಟಿಕೆಟ್ ಇದ್ದವರೂ ಜೇಬು ತಡಕುತ್ತಾರೆ. ಆದರೆ ನಿಜವಾದ ಕಲೆಕ್ಟರು ಎದುರು ಬಂದರೆ ಟಿಕೆಟ್ ಕೈಯಲ್ಲಿ ಹಿಡಿದೇ ನಡುಗುವವನು ನಾನು. ತರೀಕೆರೆಯ ನಮ್ಮ ಕಚೇರಿಯಲ್ಲಿ ನನ್ನ ಅಣಕಕ್ಕೆ ನಿತ್ಯ ಸಿಗುತ್ತಿದ್ದವರು ಹೆಡ್ ಗುಮಾಸ್ತರಾದ ಮರುಳಪ್ಪನವರು. ಅವರು ಕನ್ನಡಕ ತೆಗೆದು, ಪಂಚೆಯ ತುದಿಯಲ್ಲಿ ಒರೆಸಿ, "ಅಲ್ಲಪ್ಪಾ, ಹಿಂಗಾದ್ರೆ ಹೆಂಗಪ್ಪಾ" ಎನ್ನುವುದನ್ನು ನಾನು ದಿನಕ್ಕೆರಡು ಸಲ ಮಾಡಿ ತೋರಿಸುತ್ತಿದ್ದೆ. ಇಡೀ ಕಚೇರಿ ನಕ್ಕಿದೆ. ಅಂದರೆ, ಅವರಿಗೇನಾದರೂ ಆದರೆ ನನ್ನ ಮೇಲೆ ಸಾಕ್ಷಿ ಹೇಳಲು ಹದಿನಾಲ್ಕು ಜನ ಸಿದ್ಧ ಇದ್ದರು.

ಹೋದ ಶ್ರಾವಣದಲ್ಲಿ ಅವರ ಮನೆಯವರು ಮಗಳ ಬಾಣಂತನಕ್ಕೆಂದು ಕಡೂರಿಗೆ ಹೋದರು. ಹೋಟೆಲ್ ಊಟದಿಂದ ಸೊರಗಿದ ಮರುಳಪ್ಪನವರು ಒಂದು ಶನಿವಾರ ನನ್ನ ಮೇಜಿನ ಹತ್ತಿರ ಬಂದು ನಿಂತರು. "ಏನೋ ರುದ್ರಾ, ನಿಮ್ ಅಜ್ಜಂಪುರದ ಕಡೆ ಮಸ್ಸೊಪ್ಪು ಬಾಳ ಚೆನ್ನಾಗ್ ಮಾಡ್ತಾರಂತೆ? ನಿಂಗೆ ಬರುತ್ತೇನೋ?" ನನ್ನ ನಾಲಿಗೆ ನನಗಿಂತ ಮುಂದೆ ಓಡುತ್ತದೆ. "ಬನ್ನಿ ಸಾರ್, ನಾಳೆ ಮುದ್ದೆ ಮಸ್ಸೊಪ್ಪು ನನ್ ರೂಮಲ್ಲೇ" ಎಂದುಬಿಟ್ಟೆ. ಮಸ್ಸೊಪ್ಪಿನ ಬಗ್ಗೆ ನನಗಿದ್ದ ಜ್ಞಾನವೆಲ್ಲ ಉಣ್ಣುವ ಕಡೆಯದು. ನಾಲ್ಕು ಥರದ ಸೊಪ್ಪನ್ನು ಬೇಳೆಯ ಜೊತೆ ಬೇಯಿಸಿ, ಮಸೆದು, ಬೆಳ್ಳುಳ್ಳಿ ಒಗ್ಗರಣೆ ಕೊಡಬೇಕು ಎಂಬಲ್ಲಿಗೆ ಅದು ಮುಗಿಯುತ್ತಿತ್ತು.

ಭಾನುವಾರದ ಸಂತೆಯಲ್ಲಿ ಹರಿವೆ, ಸಬ್ಬಸಿಗೆ, ಗಣಿಕೆ ಸಿಕ್ಕವು. ಹಿತ್ತಿಲಲ್ಲಿ ದೊಡ್ಡಪತ್ರೆ ಇತ್ತು. ಅಷ್ಟಕ್ಕೇ ಬಿಟ್ಟಿದ್ದರೆ ಈ ಪ್ರಬಂಧ ಇರುತ್ತಿರಲಿಲ್ಲ. ನನ್ನ ಪಕ್ಕದ ಕೋಣೆಯಲ್ಲಿ ಅಂತೋಣಿ ಇದ್ದಾನೆ. ಮೇಲಿನ ಕಾಫಿ ತೋಟದ ಬಂಗಲೆಯಲ್ಲಿ ದೊರೆಗಳಿಗೆ ಅಡುಗೆ ಮಾಡಿ ವಯಸ್ಸಾದ ಮೇಲೆ ಕೆಳಗಿಳಿದವನು. ಬರುವಾಗ ಒಂದು ಗಿಡವನ್ನು ಡಾಲ್ಡಾ ಡಬ್ಬದಲ್ಲಿ ಹೊತ್ತು ತಂದಿದ್ದ. ಸರ್ವೆ ಮರದ ಎಲೆಯನ್ನು ಗಿಡ್ಡಗೆ ಕತ್ತರಿಸಿದಂಥ ಎಲೆ; ಉಜ್ಜಿದರೆ ಕರ್ಪೂರಕ್ಕೂ ಅಮೃತಾಂಜನಕ್ಕೂ ನಡುವಿನ ವಾಸನೆ. "ಇದು ರೋಸ್‌ಮೇರಿ ಕಣಪ್ಪಾ. ಆಲೂಗೆಡ್ಡೆಗೆ ಹಾಕಿದ್ರೆ ದೊರೆ ತಟ್ಟೆ ನೆಕ್ಕೋರು" ಎಂದು ಒಂದು ಹಿಡಿ ಕಿತ್ತುಕೊಟ್ಟ. ದೊರೆ ನೆಕ್ಕಿದ್ದನ್ನು ಹೆಡ್ ಗುಮಾಸ್ತರು ನೆಕ್ಕಬಾರದೆ? ಪೂರ್ತಿ ಹಿಡಿಯನ್ನೂ ಸೊಪ್ಪಿನ ಜೊತೆ ಮಸೆದೆ.

ಮರುಳಪ್ಪನವರು ಮೊದಲ ತುತ್ತಿಗೆ ಕಣ್ಣರಳಿಸಿದರು. "ಏನೋ ಇದು, ಘಮ್ಮಂತಿದೆಯಲ್ಲೋ!" ಮೂರು ಮುದ್ದೆ ಇಳಿಸಿದರು. ದೊಡ್ಡವರು ಎದ್ದ ಮೇಲೆ ತಾನೆ ಬಡಿಸಿದವನ ಊಟ? ಅವರು ನನ್ನ ಚಾಪೆಯ ಮೇಲೆ ಉರುಳಿ ಗೊರಕೆ ತೆಗೆದರು. ನಾನು ತಟ್ಟೆ ಹಾಕಿಕೊಂಡೆ. ಆಗ ಅಜ್ಜಿ ನೆನಪಾದಳು.

ನಮ್ಮಜ್ಜಿ ಎಮ್ಮೆದೊಡ್ಡಿ ಕಾವಲಿನ ಪಕ್ಕದ ಊರವಳು. ಹೊಲದಿಂದ ಸೊಪ್ಪು ಕಿತ್ತು ತಂದರೆ ಗುರುತು ಸಿಗದ ಎಲೆಯನ್ನು ಮೊದಲು ಹಸುವಿನ ಮೂತಿಗೆ ಹಿಡಿಯುವಳು. ಹಸು ತಿಂದರೆ ಮಡಕೆಗೆ, ಮುಖ ತಿರುಗಿಸಿದರೆ ತಿಪ್ಪೆಗೆ. ಮನೆಯಲ್ಲಿ ಒಬ್ಬರಿಗೂ ಒಂದು ದಿನವೂ ಹೊಟ್ಟೆ ಕೆಟ್ಟಿರಲಿಲ್ಲ. ಅಂತೋಣಿಯ ಡಬ್ಬದಿಂದ ಇನ್ನೊಂದು ಕಡ್ಡಿ ರೋಸ್‌ಮೇರಿ ಕಿತ್ತು ಹಿಡಿದು ಮನೆ ಮಾಲೀಕರ ಕೊಟ್ಟಿಗೆಗೆ ಹೋದೆ. ಹಸು ಮೂಸಿತು. ಬುಸ್ಸೆಂದು ಉಸಿರು ಬಿಟ್ಟು ಎರಡು ಹೆಜ್ಜೆ ಹಿಂದೆ ಸರಿಯಿತು. ಇರಲಿ, ಸಿರಿವಂತರ ಮನೆಯ ಹಸು, ಮೂಗು ಜಾಸ್ತಿ ಎಂದುಕೊಂಡು ಬೀದಿಯ ಮೇಕೆಯ ಹತ್ತಿರ ಓಡಿದೆ. ಸಿನಿಮಾ ಪೋಸ್ಟರನ್ನು ಅಂಟಿನ ಸಮೇತ ತಿನ್ನುವ ಮೇಕೆ ಅದು. ಹೋದ ವಾರ ನನ್ನ ಟವೆಲ್ಲಿನ ಅಂಚು ತಿಂದಿತ್ತು. ಅದು ಕಡ್ಡಿಯನ್ನು ನೋಡಿತು, ನನ್ನನ್ನು ನೋಡಿತು, ಹೊರಟೇ ಹೋಯಿತು.

ಕೋಣೆಗೆ ಬಂದು ಬಾಗಿಲಲ್ಲೇ ನಿಂತೆ. ಗೊರಕೆ ಕೇಳುತ್ತಿತ್ತು. ದೇವರೇ, ಇನ್ನು ಮೇಲೆ ಈ ಗೊರಕೆಯನ್ನು ಅಣಕಿಸುವುದಿಲ್ಲ ಎಂದು ಕೈ ಮುಗಿದೆ. ಅಷ್ಟರಲ್ಲಿ ಗೊರಕೆ ನಿಂತಿತು. ನನ್ನ ಕಿವಿಯಲ್ಲಿ ಪೊಲೀಸ್ ಜೀಪಿನ ಸದ್ದು, ಅಮ್ಮನ ಅಳು, ಹದಿನಾಲ್ಕು ಜನರ ಸಾಕ್ಷಿ ಒಟ್ಟಿಗೇ ಕೇಳಿಸಿದವು. ಬಗ್ಗಿ ಅವರ ಮೂಗಿನ ಹತ್ತಿರ ಬೆರಳಿಟ್ಟೆ.

"ಏನ್ ಮಾಡ್ತಿದೀಯೋ?" ಎಂದು ಅವರು ಕಣ್ಣು ಬಿಟ್ಟರು.

"ನೊಣ, ಸಾರ್."

ಎದ್ದು ಕೂತು ಆಕಳಿಸಿದವರು ನನ್ನ ತಟ್ಟೆಯ ಕಡೆ ನೋಡಿದರು. "ಇನ್ನೂ ಉಂಡಿಲ್ವೇನೋ? ಕೂತ್ಕೋ, ನಾನೇ ಬಡಿಸ್ತೀನಿ." ಮುದ್ದೆ ಬಂತು, ಅದರ ಮೇಲೆ ಸಾರು ಬಂತು. ತುತ್ತು ಮುರಿದೆ, ಕೈ ಬಾಯಿಗೆ ಹೋಗಲಿಲ್ಲ. ಹಸು, ಮೇಕೆ, ಎಲ್ಲವನ್ನೂ ಒದರಿಬಿಟ್ಟೆ.

ಮರುಳಪ್ಪನವರು ಕನ್ನಡಕ ತೆಗೆದರು. ಒರೆಸಲಿಲ್ಲ. "ಲೇ, ಡಾಕ್ಟ್ರನ್ನ ಕರೆಯೋದ್ ಬಿಟ್ಟು ಮೇಕೆ ಕೇಳಕ್ ಹೋಗಿದ್ಯೇನೋ?" ಅಲ್ಲಿಯವರೆಗೆ ಕಲ್ಲಿನಂತಿದ್ದವರು ಹೊಟ್ಟೆ ಹಿಡಿದುಕೊಂಡರು. "ಈಗ ಏನೋ ಒಂಥರಾ ಆಗ್ತಿದೆ ಕಣೋ."

ಪಕ್ಕದ ಕೋಣೆಯಿಂದ ಅಂತೋಣಿಯನ್ನು ಎಳೆದು ತಂದೆ. ಅವನು ನಕ್ಕ. "ಏನೂ ಆಗಲ್ಲ ಸ್ವಾಮಿ. ವಾಸನೆ ಸೊಪ್ಪು ದನಕ್ಕಾಗಲ್ಲ ಅಷ್ಟೇ. ಇಪ್ಪತ್ತೊರ್ಷ ನಾಲ್ಕು ದೊರೆಗಳಿಗೆ ಹಾಕಿದೀನಿ."

"ಆ ದೊರೆಗಳು ಈಗ ಎಲ್ಲವ್ರೆ?" ಎಂದರು ಮರುಳಪ್ಪನವರು, ಮೆಲ್ಲಗೆ.

"ನಾಲ್ಕೂ ಜನ ತೀರ್ಕೊಂಡ್ರು ಸ್ವಾಮಿ."

"ವಯಸ್ಸಾಗಿ ಸ್ವಾಮಿ, ಎಲ್ರೂ ಎಂಬತ್ತು ದಾಟಿದ್ರು" ಎಂದು ಅಂತೋಣಿ ಸೇರಿಸುವಷ್ಟರಲ್ಲಿ ನಮ್ಮಿಬ್ಬರಿಗೂ ಅರ್ಧ ಆಯುಸ್ಸು ಕಳೆದಿತ್ತು. ಮರುಳಪ್ಪನವರು ಉಸಿರು ಬಿಟ್ಟು, ಗೋಡೆಗೆ ಒರಗಿ, ನನ್ನ ತಟ್ಟೆಯನ್ನು ನನ್ನ ಕಡೆ ತಳ್ಳಿದರು. "ಉಣ್ಣು. ಹೋದ್ರೆ ಇಬ್ರೂ ಒಟ್ಟಿಗೇ ಹೋಗಣ."

ಉಂಡೆ. ಅವರಿಗಾಗಿ ದೇವರಿಗೆ ಕೈ ಮುಗಿದಾಗ ನನ್ನ ಹಣೆಯಲ್ಲಿ ಒಂದು ಹನಿ ಬೆವರಿರಲಿಲ್ಲ ಎಂಬುದನ್ನು ನಾಚಿಕೆ ಬಿಟ್ಟು ಹೇಳುತ್ತೇನೆ. ಈಗ ನನ್ನದೇ ಗಂಟಲಲ್ಲಿ ಮುದ್ದೆ ಇಳಿಯುವಾಗ ಬೆವರು ಮೂಗಿನ ತುದಿಯಿಂದ ತಟ್ಟೆಗೆ ತೊಟ್ಟಿಕ್ಕುತ್ತಿತ್ತು.

"ಯಾಕೋ ಇಷ್ಟೊಂದು ಬೆವರು?" ಎಂದರು.

"ಖಾರ ಜಾಸ್ತಿ ಆಯ್ತು ಸಾರ್."

ಮರುಳಪ್ಪನವರು ಮತ್ತೆ ಕನ್ನಡಕ ಹಾಕಿಕೊಂಡರು. "ಮೆಣಸಿನಕಾಯಿ ಹಾಕೋದೇ ಮರ್ತಿದ್ದೀಯ ಕಣೋ. ಊಟಕ್ ಕೂತಾಗ್ಲೇ ಹೇಳಣ ಅಂದ್ಕಂಡೆ. ಪಾಪ, ಹುಡುಗ ನೊಂದ್ಕತ್ತಾನೆ ಅಂತ ಸುಮ್ನಾದೆ."