ಸಾಯಲಿಕ್ಕೆ ಅಪ್ಪಣೆಯಿಲ್ಲದ ಸಾಲುಮನೆ

ನನ್ನ ಸೋದರಮಾವ ತಮ್ಮ ಬಾಡಿಗೆದಾರರಿಗೆ ಎಲ್ಲದಕ್ಕೂ ಅಪ್ಪಣೆ ಕೊಟ್ಟಿದ್ದರು. ಅಂಗಳದಲ್ಲಿ ಎಮ್ಮೆ ಕಟ್ಟಬಹುದು, ಗೋಡೆಗೆ ಗೂಟ ಹೊಡೆಯಬಹುದು, ಗಂಡ ಹೆಂಡಿರು ಬೀದಿಗೆಲ್ಲ ಕೇಳುವಂತೆ ಜಗಳಾಡಬಹುದು. ಸಾಯುವುದಕ್ಕೆ ಮಾತ್ರ ಅಪ್ಪಣೆ ಇರಲಿಲ್ಲ!

ಹೊಸಪೇಟೆಯಲ್ಲಿ ಅವರದು ಏಳು ಮನೆಗಳ ಒಂದು ಸಾಲು; ಮೊದಲನೆಯದರಲ್ಲಿ ಅವರು, ನನ್ನ ಅವ್ವ, ನಾನು. ಆಗ ನಾವಿನ್ನೂ ಮದ್ರಾಸಿನವರ ಕೈಕೆಳಗೆ ಇದ್ದೆವು ಅನ್ನುತ್ತಾರೆ. ಆದರೆ ನಮ್ಮ ಬೀದಿಯನ್ನು ಆಳುತ್ತಿದ್ದದ್ದು ಪಂಚಾಂಗ. ಕೆಟ್ಟ ನಕ್ಷತ್ರದಲ್ಲಿ ಯಾರಾದರೂ ಸತ್ತರೆ ಆ ಮನೆ ಬಿಡಬೇಕು. ಧನಿಷ್ಠೆಯಾದರೆ ಆರು ತಿಂಗಳು ಬೀಗ, ಬಾಗಿಲಿಗೆ ಅಡ್ಡಲಾಗಿ ಮುಳ್ಳಿನ ಕೊಂಬೆ. ಇದ್ದವರು ಹೆಣದ ಹಿಂದೆಯೇ ಪಾತ್ರೆ ಪಡಗ ಹೊತ್ತು ಹೊರಬೀಳಬೇಕು. ಅಂಥವರಿಗೆ ಬೇರೆ ಯಾರೂ ಜಲ್ದಿ ಮನೆ ಕೊಡುವುದಿಲ್ಲ.

ಮಾವ ಕೊಳ್ಳುತ್ತಿದ್ದದ್ದು ಇಂಥ ಮನೆಗಳನ್ನೇ! ಪ್ಲೇಗಿನಲ್ಲಿ ಖಾಲಿಯಾದವು, ನಕ್ಷತ್ರ ಬಡಿದು ಮುಚ್ಚಿದವು. ಯಾರಿಗೂ ಬೇಡವಾದ ಮನೆ ಅಗ್ಗಕ್ಕೆ ಸಿಗುತ್ತದಲ್ಲ?

“ಲೇ, ಆರು ತಿಂಗಳು ಮುಚ್ಚಿದ ಮನಿ ಅರವತ್ತು ವರ್ಷ ದುಡಿತೈತಿ,” ಅನ್ನುತ್ತಿದ್ದರು ನನಗೆ. “ಅವಸರ ಇದ್ದವ ಮೆಣಸಿನಕಾಯಿ ವ್ಯಾಪಾರ ಮಾಡ್ಲಿ. ಮನಿ ಅಂದ್ರ ಮೂರು ತಲಿಮಾರಿನ ಮಾತು.”

ಅವರು ಬಾಡಿಗೆ ಏರಿಸಿದ್ದನ್ನು ನಾನು ಕಾಣೆ. ಮಳೆಗೆ ಮುಂಚೆ, ಸೋರದಂತೆ, ಮಾಳಿಗೆಗಳಿಗೆ ಚೌಳು ಮಣ್ಣು ಹಾಕಿಸದೆ ಬಿಟ್ಟದ್ದನ್ನೂ ಕಾಣೆ. ಒಮ್ಮೆ ಬಂದ ಸಂಸಾರ ಮೊಮ್ಮಕ್ಕಳನ್ನು ಆಡಿಸುವವರೆಗೆ ಕದಲಬಾರದು ಅನ್ನುವುದು ಅವರ ಹಟ. ಆದರೂ ಸತ್ತವರ ಮನೆ ಕೊಳ್ಳುವ ಹದ್ದು ಅಂತ ಊರು ಅವರನ್ನು ಆಡಿಕೊಳ್ಳುತ್ತಿತ್ತು. ಸುಳ್ಳೇಕೆ, ಒಳಗೊಳಗೆ ನಾನೂ ಆಡಿಕೊಂಡಿದ್ದೇನೆ.

ಬಾಡಿಗೆದಾರರನ್ನು ಅವರು ಆರಿಸುತ್ತಿದ್ದ ಚೆಂದ ನೋಡಬೇಕಿತ್ತು. ಕಂಪ್ಲಿಯ ಬೆಲ್ಲದ ವ್ಯಾಪಾರಿಯೊಬ್ಬ ಮನೆ ಕೇಳಿಕೊಂಡು ಬಂದ. ಏನು ಕೆಲಸ, ಎಷ್ಟು ಮಂದಿ, ಒಂದನ್ನೂ ವಿಚಾರಿಸಲಿಲ್ಲ.

“ನಿಮ್ಮಜ್ಜ ಎಷ್ಟು ವರ್ಷ ಬದುಕಿದ್ದ?”

“ಎಂಬತ್ತರ ಮ್ಯಾಲ ಇದ್ದನ್ರಿ.”

“ಅಜ್ಜಿ?”

“ಇನ್ನೂ ಅದಾಳ್ರಿ. ಹೊಲಕ್ಕ ಹೋಗ್ತಾಳ.”

“ಬರ್ರಿ, ಕುಂದ್ರಿ! ಮನಿ ನಿಮ್ದ.”

ಇನ್ನೊಬ್ಬ ಗುಮಾಸ್ತ ಮಾತಿನ ನಡುವೆ ಎರಡು ಸಲ ಕೆಮ್ಮಿಬಿಟ್ಟ. ಪಾಪ, ಅವನಿಗೆ ಮೂರು ವಾರ ಎದುರಿಗೆ ಕೂತು ಕಷಾಯ ಕುಡಿಸಿ, ಕೆಮ್ಮು ನಿಂತ ಮೇಲೆಯೇ ಬೀಗದ ಕೈ ಕೊಟ್ಟರು!

ಒಂದು ವರ್ಷ ಮತ್ತೆ ಇಲಿ ಬಿತ್ತು. ಪ್ಲೇಗು ಬಂತೆಂದು ಊರಿಗೆ ಊರೇ ಹೊರಗಿನ ಬಯಲಲ್ಲಿ ಗುಡಿಸಲು ಹಾಕಿತು. ಎಲ್ಲರೂ ಅಳುತ್ತ ಹೊರಟರೆ ಮಾವ ಏಳು ಮನೆಗೂ ಬೀಗ ಜಡಿದು, “ಛಲೋ ಆತು. ಈ ಸಲ ಯಾರೂ ಮನ್ಯಾಗ ಸಾಯಂಗಿಲ್ಲ,” ಅಂದರು. ಆ ಬಾಯಿಗೆ ಏನನ್ನಬೇಕು? ಆ ಗುಡಿಸಲುಗಳಿಂದ ನಮ್ಮ ಸಾಲಿನ ಹನ್ನೊಂದು ಜನ ತಿರುಗಿ ಬರಲಿಲ್ಲ. ಅವರಲ್ಲಿ ನನ್ನ ಅವ್ವನೂ ಒಬ್ಬಳು, ಮಾವನ ಒಡಹುಟ್ಟಿದ ತಂಗಿ. ಅವಳನ್ನು ಹೊತ್ತಾಗ ಮುಂದಿನ ಹೆಗಲು ಅವರದೇ. ಆದರೂ ಬೀಗ ಜಡಿಯುವಾಗ ಆಡಿದ ಆ ಮಾತನ್ನು ನಾನು ಬಹಳ ವರ್ಷ ಕ್ಷಮಿಸಲಿಲ್ಲ.

ಮುಂದೆ ಮೂರನೇ ಮನೆಯ ಮುದುಕಿ ಹಾಸಿಗೆ ಹಿಡಿದಳು. ನಾನು ಶಾಲೆಯ ಮಾಸ್ತರ. ಓದು ಬಾರದ ಮಾವನಿಗೆ ಪಂಚಾಂಗ ಓದಿ ಹೇಳುವವನು ನಾನೇ. ಮಧ್ಯಾಹ್ನದಿಂದ ಧನಿಷ್ಠೆ ಎಂದೆ. ತಗೋ, ಮುದುಕಿಯನ್ನು ಮಂಚದ ಸಮೇತ ಎತ್ತಿ ಗಾಡಿಗೆ ಹಾಕಿಸಿದರು! ಎಲ್ಲಿಗೆ? ಹಂಪಿ ಬಜಾರಿನ ಕಲ್ಲುಮಂಟಪಕ್ಕೆ. ಅದಕ್ಕೆ ಬಾಗಿಲೇ ಇಲ್ಲ, ಬೀಗ ಹಾಕುವವರು ಯಾರು? ಮಗ, ಸೊಸೆ ಅಳುತ್ತ ಹಿಂದೆ ನಡೆದರು. ಕಡ್ಡಿರಾಂಪುರ ದಾಟುವ ಹೊತ್ತಿಗೆ ಗಾಡಿಯ ಕುಲುಕಾಟಕ್ಕೆ ಮುದುಕಿ ದಡಕ್ಕನೆ ಎದ್ದು ಕೂತಳು.

“ಲೇ ಹಾಟ್ಯಾ, ಎತ್ಲಾಗ ಒಯ್ತೀಯೋ ನನ್ನ?”

ಗಂಜಿ ಕೇಳಿದಳು, ಕುಡಿದಳು, ಅದೇ ಗಾಡಿಯಲ್ಲಿ ತಿರುಗಿ ಬಂದಳು. ಆಮೇಲೆ ಎಂಟು ವರ್ಷ ಇದ್ದಳು. ದಿನಾ ಬೆಳಿಗ್ಗೆ ನಮ್ಮ ಬಾಗಿಲಿಗೆ ಬಂದು ಮಾವನ ಏಳು ತಲೆಮಾರನ್ನು ಬೈದು ಹೋಗುತ್ತಿದ್ದಳು. ಮಾವನಿಗೋ ಖುಷಿಯೇ ಖುಷಿ.

“ಬೈಲಿ ಬಿಡು. ಉಸಿರು ಗಟ್ಟಿ ಐತಿ!”

ಮಾವ ಮದುವೆಯಾದವರಲ್ಲ. ಕೊನೆಯವರೆಗೂ ಸಾಲಿನ ಮೊದಲ ಮನೆಯಲ್ಲಿ, ನನ್ನ ಜೊತೆಗೇ ಇದ್ದರು. ಒಂದು ಚಳಿಗಾಲ ಅವರು ಪಡಸಾಲೆಯಲ್ಲಿ ಮಲಗಿದವರು ಏಳಲಿಲ್ಲ. ಒಳಕೋಣೆಯಲ್ಲಿ ನನ್ನ ಹೆಂಡತಿ, ಹತ್ತು ದಿನದ ಬಾಣಂತಿ. ಮಗ್ಗುಲಲ್ಲಿ ಹೆಣ್ಣುಕೂಸು.

“ಲೇ, ಇವತ್ತು ಯಾವ ನಕ್ಷತ್ರ?”

“ಶ್ರವಣ, ಮಾವ,” ಎಂದೆ. ಹಸಿ ಸುಳ್ಳು. ಬೆಳಿಗ್ಗೆಯೇ ಧನಿಷ್ಠೆ ಹತ್ತಿತ್ತು.

“ಶ್ರವಣ ಮುಂಜಾನೆನ ಮುಗೀತು, ಬೆರಳಾಗ ಎಣಿಸೀನಿ. ಗಾಡಿ ಕಟ್ಟು.”

“ಬ್ಯಾಡ ಮಾವ. ಮನಿ ಮುಚ್ಚಿದ್ರ ಮುಚ್ಚಲಿ, ಏನು ನಷ್ಟ ಆಗ್ತೈತಿ ಆಗ್ಲಿ.”

“ನಷ್ಟ ಸುಡುಗಾಡಿಗೆ ಹೋಗ್ಲಿ! ಆ ಬಾಣಂತಿನ ಎಲ್ಲಿ ಮಲಗಸ್ತಿ?”

ಗಾಡಿ ಕಟ್ಟಿದೆ, ಎರಡು ಕಂಬಳಿ ಹೊದಿಸಿದೆ. ಕಡ್ಡಿರಾಂಪುರದ ಹತ್ತಿರ, ಮುದುಕಿ ಎದ್ದು ಕೂತ ಜಾಗದಲ್ಲಿ, ಇವರೂ ಎದ್ದು ಕೂತಾರು ಅಂತ ನಾನು ಕಾದೆ. ಏಳಲಿಲ್ಲ. ಮಲಗಿದಲ್ಲಿಂದಲೇ ಮಾತಾಡಿದರು.

“ನಮ್ಮಪ್ಪ ಕಂಪ್ಲ್ಯಾಗ ಬಾಡಿಗಿ ಮನ್ಯಾಗ ಸತ್ತ. ಇದ ನಕ್ಷತ್ರ. ಮನಿ ಮಾಲಕ ಅವತ್ತ ಮುಳ್ಳು ಹಚ್ಚಿದ. ನಮ್ಮವ್ವ ನಮ್ಮನ್ನ ಕಟಗೊಂಡು, ಈಗ ಹೊಂಟೀವಲ್ಲ, ಅದ ಮಂಟಪದಾಗ ಇದ್ಲು. ನಿಮ್ಮವ್ವನ ಬೆನ್ನಿಗೆ ಹುಟ್ಟಿದ ಇನ್ನೊಂದು ಕೂಸಿತ್ತು, ಗೊತ್ತೇನು ನಿನಗ? ಹದಿನೈದು ದಿನದ್ದು. ಥಂಡಿ ತಡೀಲಿಲ್ಲ.”

ನನಗೆ ಗೊತ್ತಿರಲಿಲ್ಲ. ಅವ್ವ ಒಂದು ದಿನವೂ ಹೇಳಿರಲಿಲ್ಲ.

ಮರುದಿನ ಬಿಸಿಲೇರುವ ಹೊತ್ತಿಗೆ, ಆ ಮಂಟಪದಲ್ಲಿ, ನನ್ನ ತೊಡೆಯ ಮೇಲೆ ಮಾವ ತೀರಿಕೊಂಡರು. ಮಣ್ಣು ಮಾಡಿ ಮನೆಗೆ ಬಂದೆ. ಬಾಗಿಲು ಹಾರುಹೊಡೆದಿತ್ತು. ಬೀಗವಿಲ್ಲ, ಮುಳ್ಳಿಲ್ಲ. ಒಳಗೆ ಬೆಚ್ಚನೆಯ ಕೋಣೆಯಲ್ಲಿ ಕೂಸು ಹಾಲಿಗಾಗಿ ಬೀದಿಗೆಲ್ಲ ಕೇಳುವಂತೆ ಚೀರುತ್ತಿತ್ತು. ಖಾಲಿಯಾದ ಪಡಸಾಲೆಯಲ್ಲಿ ಕೂತು, ಅಳು ತಡೆಯಲಾರದೆ ಗಟ್ಟಿಯಾಗಿಯೇ ಅಂದೆ:

“ಉಸಿರು ಗಟ್ಟಿ ಐತಿ, ಮಾವ.”